ಗುಣವು ಮಿತಿ ಮೀರಿದಾಗ

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದನ್ನು ವಿವರಿಸುವಾಗ ಊಟ, ನಿದ್ರೆ, ಆಟ ಮುಂತಾದ ಉದಾಹರಣೆಗಳಲ್ಲಿಯೇ ನಿಂತುಬಿಡುತ್ತೇವೆ. ಸತ್ಯ, ಧೈರ್ಯ, ಪರಿಶ್ರಮ, ವಿಧೇಯತೆ ಇವೂ ಅತಿಯಾಗಬಲ್ಲವೇ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು ಕೇಳಿದರೆ ಏನೆಂದು ಉತ್ತರಿಸುವೆವು? ಒಳ್ಳೆಯದು ಎಷ್ಟಿದ್ದರೂ ಒಳ್ಳೆಯದೇ ಎಂದು ಹೇಳಿ ಅವನನ್ನು ಕುಳ್ಳಿರಿಸುವುದು ಸುಲಭ. ಆದರೆ ಆ ಉತ್ತರವು ಸಾಲದೆಂಬುದಕ್ಕೆ ಈ ಕಾಲದ ದೊಡ್ಡ ಕಂಪನಿಗಳ ಚರಿತ್ರೆಯೇ ಸಾಕ್ಷಿಯಾಗಿದೆ.

ಇಂದು ಹೆಸರಾಂತ ಕಂಪನಿಗಳಲ್ಲಿ ಬಹುಪಾಲು ತಮ್ಮ ಮೂಲಮೌಲ್ಯಗಳೆಂದು ನಾಲ್ಕಾರು ಸೂತ್ರಗಳನ್ನು ಬರೆದಿಟ್ಟುಕೊಂಡಿರುತ್ತವೆ. ಅವನ್ನು ಗೋಡೆಯ ಮೇಲೆ ತೂಗುಹಾಕುತ್ತವೆ. ಹೊಸದಾಗಿ ಸೇರಿದವರಿಗೆ ಬೋಧಿಸುತ್ತವೆ. ಬಡ್ತಿ ಕೊಡುವಾಗ ಅವನ್ನೇ ಅಳತೆಗೋಲಾಗಿ ಬಳಸುವುದೂ ಉಂಟು. ನಮ್ಮ ಮುಂದೆ ಕುಳಿತಿರುವ ಮಕ್ಕಳಲ್ಲಿ ಅನೇಕರು ನಾಳೆ ಅಂತಹ ಫಲಕಗಳ ಕೆಳಗೆ ದುಡಿಯತಕ್ಕವರು. ಆದುದರಿಂದ ಈ ವಿಚಾರವು ವ್ಯಾಪಾರಸ್ಥರಿಗೆ ಮಾತ್ರ ಸಂಬಂಧಿಸಿದುದೆಂದು ನಾವು ಕೈಬಿಡುವಂತಿಲ್ಲ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಅಮೆರಿಕೆಯ ಎನ್ರಾನ್ ಎಂಬ ಕಂಪನಿಯು ಗೌರವ, ಪ್ರಾಮಾಣಿಕತೆ, ಮುಕ್ತ ಸಂವಾದ, ಶ್ರೇಷ್ಠತೆ ಎಂಬ ನಾಲ್ಕು ಮೌಲ್ಯಗಳನ್ನು ಸಾರಿಕೊಂಡಿತ್ತು. ಸುಳ್ಳು ಲೆಕ್ಕಪತ್ರಗಳು ಬಯಲಾಗಿ 2001ರ ಡಿಸೆಂಬರಿನಲ್ಲಿ ಅದು ದಿವಾಳಿಯಾಯಿತು. ಅಲ್ಲಿ ಮೌಲ್ಯವು ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಅದು ಬೂಟಾಟಿಕೆ. ಅದನ್ನು ಗುರುತಿಸುವುದೂ ಖಂಡಿಸುವುದೂ ಕಷ್ಟವಲ್ಲ. ನಾವು ಇಲ್ಲಿ ವಿಚಾರಿಸಹೊರಟಿರುವುದು ಇನ್ನೊಂದು ರೋಗ. ಅದರಲ್ಲಿ ಮೌಲ್ಯವನ್ನು ಯಾರೂ ಬಿಟ್ಟುಕೊಟ್ಟಿರುವುದಿಲ್ಲ. ಬಹಳ ಬಿಗಿಯಾಗಿ ಹಿಡಿದಿರುತ್ತಾರೆ. ಹಾನಿಯಾಗುವುದು ಆ ಹಿಡಿತದಿಂದಲೇ.

ಬಾಡಿಗೆ ಕಾರುಗಳ ಏರ್ಪಾಡಿನಿಂದ ಹೆಸರಾದ ಉಬರ್ ಕಂಪನಿಗೆ ಮೊದಲು 14 ಮೌಲ್ಯಗಳಿದ್ದವು. ಯೋಗ್ಯತೆಗೇ ಮನ್ನಣೆ, ಅವಶ್ಯವಾದರೆ ಇತರರ ಕಾಲು ತುಳಿಯಲೂ ಅಂಜಬೇಡ ಎಂಬರ್ಥದ ಸೂತ್ರವು ಅವುಗಳಲ್ಲೊಂದು. ಅದರ ಉದ್ದೇಶವು ಕೆಟ್ಟದಾಗಿರಲಿಲ್ಲ. ಕೆಳಗಿನ ಹುದ್ದೆಯವನೂ ಮೇಲಿನವರ ಎದುರಿಗೆ ತನ್ನ ಅಭಿಪ್ರಾಯವನ್ನು ನಿರ್ಭಯವಾಗಿ ಹೇಳಲಿ ಎಂಬುದೇ ಅದರ ತಾತ್ಪರ್ಯ. ಆದರೆ ದಿನಗಳೆದಂತೆ ಅದು ಒರಟುತನಕ್ಕೆ ಕೊಟ್ಟ ಪರವಾನಗಿಯಂತಾಯಿತು. 2017ರಲ್ಲಿ ಕಂಪನಿಯ ಒಳಗಿನ ದುರ್ವರ್ತನೆಯ ದೂರುಗಳು ಹೊರಬಿದ್ದವು. ಆ ಜೂನಿನಲ್ಲಿ ಸ್ಥಾಪಕರಲ್ಲೊಬ್ಬನಾದ ಮುಖ್ಯಾಧಿಕಾರಿ ಟ್ರಾವಿಸ್ ಕಲಾನಿಕ್ ರಾಜೀನಾಮೆಯಿತ್ತನು. ಬಳಿಕ ಬಂದ ದಾರಾ ಖೊಸ್ರೋಷಾಹಿ ಅದೇ ನವೆಂಬರಿನಲ್ಲಿ ಸೂತ್ರಗಳನ್ನು ಬದಲಾಯಿಸಿ, ಹಳೆಯ ಸೂತ್ರದ ಆಶಯ ಒಂದಾಗಿದ್ದು ಬಳಕೆ ಇನ್ನೊಂದಾಯಿತೆಂದು ಬಹಿರಂಗವಾಗಿಯೇ ಬರೆದನು.

1852ರಲ್ಲಿ ಸ್ಥಾಪಿತವಾದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಇನ್ನೂ ಬೋಧಪ್ರದವಾದುದು. ಗಿರಾಕಿಯ ಅಗತ್ಯಗಳನ್ನೆಲ್ಲ ಅರಿತು, ಉಳಿತಾಯ, ಸಾಲ, ಕಾರ್ಡು ಮೊದಲಾದ ಎಲ್ಲ ಸೇವೆಗಳನ್ನೂ ಒಂದೇ ಕಡೆಯಲ್ಲಿ ಒದಗಿಸಬೇಕೆಂಬುದು ಅಲ್ಲಿಯ ಹೆಮ್ಮೆಯ ತತ್ತ್ವ. ಕ್ರಮೇಣ ಅದು ಒಂದು ಅಂಕಿಯಾಗಿ ಗಟ್ಟಿಗೊಂಡಿತು: ಪ್ರತಿಯೊಬ್ಬ ಗಿರಾಕಿಗೂ ಎಂಟು ಸೇವೆಗಳು. ನೌಕರರ ಮೇಲೆ ಒತ್ತಡವು ಹೆಚ್ಚಿದಂತೆ ಗಿರಾಕಿಗೆ ತಿಳಿಯದೆಯೇ ಅವನ ಹೆಸರಿನಲ್ಲಿ ಖಾತೆಗಳು ಹುಟ್ಟಿಕೊಂಡವು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕು 18.5 ಕೋಟಿ ಡಾಲರು ದಂಡ ತೆರಬೇಕಾಯಿತು. ಅದಕ್ಕೆ ಮುನ್ನಿನ ಕೆಲವು ವರ್ಷಗಳಲ್ಲಿ ಸುಮಾರು 5,300 ಮಂದಿ ನೌಕರರು ಈ ಕಾರಣದಿಂದ ಕೆಲಸ ಕಳೆದುಕೊಂಡಿದ್ದರು. ಅಂತಹ ಖಾತೆಗಳು 35 ಲಕ್ಷದವರೆಗೂ ಇರಬಹುದೆಂದು 2017ರಲ್ಲಿ ಬ್ಯಾಂಕೇ ಹೇಳಿತು. 2020ರಲ್ಲಿ ಮತ್ತೆ 300 ಕೋಟಿ ಡಾಲರು ಕೊಟ್ಟು ಸರಕಾರದೊಡನೆ ಇತ್ಯರ್ಥ ಮಾಡಿಕೊಂಡಿತು. ಗಿರಾಕಿಯ ಸೇವೆಯೆಂಬ ಗುಣದಿಂದ ಹೊರಟವರು ಗಿರಾಕಿಯ ವಂಚನೆಗೆ ಬಂದು ಮುಟ್ಟಿದರು.

ಇದು ಹೊಸ ರೋಗವೆಂದು ತಿಳಿಯಬೇಕಾಗಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನನು ತನ್ನ ಪ್ರತಿಜ್ಞೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಧರ್ಮರಾಯನ ಮೇಲೆಯೇ ಕತ್ತಿ ಹಿರಿದಾಗ, ಕೃಷ್ಣನು ಅವನಿಗೆ ಕೌಶಿಕನೆಂಬ ತಪಸ್ವಿಯ ವೃತ್ತಾಂತವನ್ನು ಹೇಳುತ್ತಾನೆ. ಎಂದೆಂದಿಗೂ ಸತ್ಯವನ್ನೇ ನುಡಿಯುವೆನೆಂಬುದು ಕೌಶಿಕನ ವ್ರತ. ಕಳ್ಳರಿಗೆ ಹೆದರಿ ಕೆಲವರು ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದವರು ಕೇಳಲಾಗಿ ಕೌಶಿಕನು ಆ ಜಾಗವನ್ನು ತೋರಿಸಿಕೊಟ್ಟನು, ಅಡಗಿದ್ದವರೆಲ್ಲ ಹತರಾದರು. ಧರ್ಮದ ಸೂಕ್ಷ್ಮವನ್ನರಿಯದ ಆ ಸತ್ಯವಾದಿಗೆ ನರಕವೇ ಗತಿಯಾಯಿತು. ಅವನು ವ್ರತವನ್ನು ಮುರಿಯಲಿಲ್ಲ. ವ್ರತವು ಯಾರಿಗಾಗಿ ಇದೆಯೆಂಬುದನ್ನು ಮರೆತನು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕೌಶಿಕನದು ನಿಜವಾದ ಸತ್ಯನಿಷ್ಠೆಯಲ್ಲ, ಮೌಢ್ಯ. ಬ್ಯಾಂಕಿನದು ಸೇವೆಯಲ್ಲ, ಲೋಭ. ನಿಜವಾದ ಗುಣಕ್ಕೆ ಅತಿಯೆಂಬುದೇ ಇಲ್ಲ ಎಂದು ಕೆಲವರು ವಾದಿಸಬಹುದು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮತವೂ ಇದಕ್ಕೆ ಹತ್ತಿರವಾದುದು. ಹೇಡಿತನಕ್ಕೂ ದುಡುಕಿಗೂ ನಡುವೆ ಇರುವುದೇ ಧೈರ್ಯ. ಅತಿಯಾದುದು ಧೈರ್ಯವೇ ಅಲ್ಲವೆಂದು ಅವನು ಹೇಳುವನು. ಮಾತು ನಿಜ. ಆದರೆ ಫಲಕದ ಮೇಲೆ ಧೈರ್ಯವೆಂಬ ಪದವಿರುತ್ತದೆಯೇ ಹೊರತು ದುಡುಕು ಎಲ್ಲಿಂದ ಆರಂಭವಾಗುತ್ತದೆಂಬುದು ಬರೆದಿರುವುದಿಲ್ಲ. ಆ ನಡುವನ್ನು ಗಣಿತದಿಂದ ಕಂಡುಹಿಡಿಯಲಾಗದೆಂಬುದನ್ನೂ ಅರಿಸ್ಟಾಟಲನೇ ತೋರಿಸಿದ್ದಾನೆ. ಮಿಲೋ ಎಂಬ ಜಟ್ಟಿಗೆ ಸಾಲದ ಆಹಾರವು ಆಗತಾನೆ ವ್ಯಾಯಾಮ ಆರಂಭಿಸಿದವನಿಗೆ ಅತಿಯಾಗುತ್ತದೆ. ಅಂದಮೇಲೆ ಮಿತಿಯನ್ನು ಅರಿಯಲು ವಿವೇಕ ಬೇಕು, ಸೂತ್ರವೊಂದೇ ಸಾಲದು.

ಹಾಗಾದರೆ ಗುಣವು ಮಿತಿ ಮೀರುವುದು ಹೇಗೆ? ನಮಗೆ ಮೂರು ಕಾರಣಗಳು ತೋರುತ್ತವೆ. ಒಂದು, ಗುಣವು ತನ್ನ ಜೊತೆಗಾರ ಗುಣಗಳಿಂದ ಬೇರ್ಪಡುವುದು. ನೇರನುಡಿಗೆ ಕರುಣೆಯೂ, ವೇಗಕ್ಕೆ ಎಚ್ಚರವೂ, ನಿಷ್ಠೆಗೆ ನ್ಯಾಯವೂ ಜೊತೆಯಲ್ಲಿರಬೇಕು. ಎರಡು, ಗುಣವನ್ನು ಅಂಕಿಯಾಗಿ ಮಾರ್ಪಡಿಸಿ, ಆ ಅಂಕಿಗೆ ಬಹುಮಾನವನ್ನೂ ಶಿಕ್ಷೆಯನ್ನೂ ಕಟ್ಟುವುದು. ಆಗ ಜನರು ಗುಣವನ್ನು ಮರೆತು ಅಂಕಿಯನ್ನು ಪೂಜಿಸುತ್ತಾರೆ. ಮೂರು, ಗುಣವು ಪ್ರಶ್ನೆಗೆ ಅತೀತವಾಗುವುದು. ದೋಷವನ್ನು ಪ್ರಶ್ನಿಸಿದವನನ್ನು ದ್ರೋಹಿಯೆಂದು ತಳ್ಳಿಬಿಡಬಹುದು. ಆದರೆ ದೋಷವು ಗುಣದ ವೇಷದಲ್ಲಿ ಬಂದರೆ ಪ್ರಶ್ನಿಸುವವನಿಗೇ ತನ್ನ ಮೇಲೆ ಸಂಶಯ ಹುಟ್ಟುತ್ತದೆ. ಅತಿ ಅಪಾಯಕರವಾದುದು ಈ ಮೂರನೆಯದೇ.

ಇದಕ್ಕೆ ಪರಿಹಾರದ ಸುಳಿವನ್ನು ಜಪಾನಿನ ಟೊಯೋಟಾ ಕಾರಖಾನೆಯಲ್ಲಿ ಕಾಣಬಹುದು. ಅಲ್ಲಿ ಕಾರುಗಳನ್ನು ಜೋಡಿಸುವ ಸಾಲಿನ ಪಕ್ಕದಲ್ಲಿ ಒಂದು ಹಗ್ಗವನ್ನು ಇಳಿಬಿಡುವ ಪದ್ಧತಿಯಿತ್ತು. ದೋಷವನ್ನು ಕಂಡ ಸಾಮಾನ್ಯ ಕೆಲಸಗಾರನೂ ಅದನ್ನು ಎಳೆಯಬಹುದಾಗಿತ್ತು. ದೋಷವು ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತಿತ್ತು. ಎಂದರೆ, ವೇಗವೆಂಬ ಗುಣಕ್ಕೆ ತಡೆಯೊಡ್ಡುವ ಅಧಿಕಾರವನ್ನು ಕೆಳಗಿನವನ ಕೈಗೇ ಕೊಟ್ಟಿದ್ದರು. ಆದರೂ ಆ ಕಂಪನಿಯು ಎಡವದೆ ಇರಲಿಲ್ಲ. ಲಕ್ಷಾಂತರ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಗಿ ಬಂದ ಮೇಲೆ, ಅಧ್ಯಕ್ಷ ಅಕಿಯೋ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕೆಯ ಶಾಸನಸಭೆಯ ಸಮಿತಿಯ ಮುಂದೆ ನಿಂತನು. ಮೊದಲು ಸುರಕ್ಷತೆ, ಅನಂತರ ಗುಣಮಟ್ಟ, ಕೊನೆಗೆ ಉತ್ಪಾದನೆಯ ಪ್ರಮಾಣ ಎಂಬ ತಮ್ಮ ಕ್ರಮವು ಅತಿವೇಗದ ಬೆಳವಣಿಗೆಯಲ್ಲಿ ಗೊಂದಲಕ್ಕೊಳಗಾಯಿತೆಂದು ಒಪ್ಪಿಕೊಂಡನು. ಹಗ್ಗವಿದ್ದರೆ ಸಾಲದು, ಎಳೆದವನ ಮಾತಿಗೆ ಬೆಲೆಯೂ ಇರಬೇಕು.

ಇನ್ನು ನಮ್ಮ ಶಾಲೆಗಳ ಕಡೆಗೆ ನೋಡೋಣ. ನಮಗೂ ಗೋಡೆಬರಹಗಳುಂಟು. ಶೇಕಡ ನೂರು ಫಲಿತಾಂಶವೆಂಬುದು ಒಳ್ಳೆಯ ಹಂಬಲ. ಆದರೆ ಅದೊಂದೇ ಅಳತೆಯಾದ ಶಾಲೆಯಲ್ಲಿ ನಿಧಾನವಾಗಿ ಕಲಿಯುವ ಹುಡುಗಿಯು ಹೊರೆಯಾಗಿ ಕಾಣುತ್ತಾಳೆ. ಯಾರಿಗಾಗಿ ಶಾಲೆಯೋ ಅವಳನ್ನೇ ಹೊರಗಿಡುವ ಉಪಾಯಗಳು ಹೊಳೆಯತೊಡಗುತ್ತವೆ. ಶಿಸ್ತು ಒಳ್ಳೆಯದು. ಆದರೆ ಮೌನವೇ ಶಿಸ್ತಾದ ತರಗತಿಯಲ್ಲಿ ಹೊಟ್ಟೆನೋವೆಂದು ಹೇಳಲೂ ಮಗು ಅಂಜುತ್ತದೆ. ವಿಧೇಯತೆ ಒಳ್ಳೆಯದು. ಆದರೆ ವಿಧೇಯತೆಯನ್ನೇ ಕಲಿತ ಮಗುವು ಹಲಗೆಯ ಮೇಲಿನ ಲೆಕ್ಕ ತಪ್ಪಿದ್ದರೂ ಹಾಗೆಯೇ ಬರೆದುಕೊಳ್ಳುತ್ತದೆ. ಅದೇ ಮಗುವು ದೊಡ್ಡದಾಗಿ ಬ್ಯಾಂಕಿನಲ್ಲಿ ಕುಳಿತಾಗ, ಮೇಲಿನವರು ಎಂಟು ಎಂದರೆ ಎಂಟನ್ನೇ ಬರೆಯುವುದು.

ಹೀಗೆಂದ ಮಾತ್ರಕ್ಕೆ ಮೌಲ್ಯಗಳನ್ನು ಅರೆಮನಸ್ಸಿನಿಂದ ಆಚರಿಸಬೇಕೆಂದಲ್ಲ. ಮಿತಿಯೆಂದರೆ ಅರ್ಧವಲ್ಲ, ಸತ್ಯವನ್ನು ಅರ್ಧ ಹೇಳುವವನು ಕೌಶಿಕನಿಗಿಂತ ಮೇಲೇನೂ ಅಲ್ಲ. ಗುಣವನ್ನು ಪೂರ್ಣವಾಗಿಯೇ ಹಿಡಿಯಬೇಕು. ಆದರೆ ಒಂಟಿಯಾಗಿ ಹಿಡಿಯಬಾರದು. ಗೋಡೆಯ ಮೇಲೆ ಒಂದು ಸೂತ್ರವನ್ನು ಬರೆಯುವಾಗಲೆಲ್ಲ ಅದರ ಜೊತೆಗಾರನನ್ನೂ ಪಕ್ಕದಲ್ಲಿ ಬರೆಯೋಣ: ಶಿಸ್ತಿನ ಪಕ್ಕದಲ್ಲಿ ಪ್ರೀತಿ, ಫಲಿತಾಂಶದ ಪಕ್ಕದಲ್ಲಿ ತಾಳ್ಮೆ, ವಿಧೇಯತೆಯ ಪಕ್ಕದಲ್ಲಿ ಪ್ರಶ್ನೆ. ಹಾಗೂ ಕೊನೆಯ ಬೆಂಚಿನ ಮಗುವು ಕೈಯೆತ್ತಿ, "ಮಾಸ್ತರರೇ, ಆ ಲೆಕ್ಕ ತಪ್ಪಿದೆ" ಎಂದರೆ, ಕೋಪಿಸಿಕೊಳ್ಳದೆ ಬಳಪವನ್ನು ಕೆಳಗಿಟ್ಟು ಒಮ್ಮೆ ಹಲಗೆಯನ್ನು ನೋಡೋಣ. ಆ ಎತ್ತಿದ ಕೈಯೇ ನಮ್ಮ ಶಾಲೆಯ ಹಗ್ಗ.