ಭಟನೆಂಬ ಶಬ್ದದ ವಿಷಯವಾಗಿ



ಕಾಳಗ ಮಾಡುವವನಿಗೆ ನಮ್ಮ ಕನ್ನಡ ಭಾಷೆಯಲ್ಲಿ ಅನೇಕ ಹೆಸರುಗಳುಂಟು. ವೀರ, ಶೂರ, ಕಲಿ ಎಂಬವು ಅವನ ಧೈರ್ಯವನ್ನು ಹೊಗಳುತ್ತವೆ. ಯೋಧನೆಂಬದು ಅವನ ಕೆಲಸವನ್ನು ತಿಳಿಸುತ್ತದೆ. ಭಟನೆಂಬ ಶಬ್ದವಾದರೋ ಬೇರೊಂದು ಸಂಗತಿಯನ್ನು ಹೇಳುತ್ತದೆ. ನಾವು ಪ್ರಾರ್ಥನೆಯಲ್ಲಿಯೂ ಪ್ರಸಂಗದಲ್ಲಿಯೂ ನಮ್ಮನ್ನು ಕ್ರಿಸ್ತನ ಭಟರೆಂದು ಕರೆದುಕೊಳ್ಳುವದರಿಂದ ಅದರ ಅರ್ಥವನ್ನು ತೂಗಿ ನೋಡುವದು ಒಳ್ಳೇದು. ಯಾಕಂದರೆ ಕೆಲವರು, ನಾವು ಭಟರಾಗಿರಲಾಗಿ ನಮ್ಮನ್ನು ಹೀನೈಸುವವರನ್ನು ಸುಮ್ಮನೆ ಬಿಡಬಾರದು ಅನ್ನುತ್ತಾರೆ. ಬೇರೆ ಕೆಲವರು, ವೈರಿಯನ್ನು ಪ್ರೀತಿಸಬೇಕಾದ ನಮ್ಮ ಬಾಯಲ್ಲಿ ಯುದ್ಧದ ಮಾತೇ ಸಲ್ಲದು ಅನ್ನುತ್ತಾರೆ.

ಭಟನೆಂಬದು ಸಂಸ್ಕೃತದ ಭೃತನೆಂಬ ಶಬ್ದದಿಂದ ಬಂದದ್ದೆಂದು ಪಂಡಿತರು ತಿಳಿಸುತ್ತಾರೆ. ಭೃತನೆಂದರೆ ಪೋಷಿಸಲ್ಪಟ್ಟವನು, ಸಂಬಳ ಹೊಂದಿದವನು. ಸೇವಕನಿಗೆ ನಾವು ಹೇಳುವ ಭೃತ್ಯನೆಂಬ ಹೆಸರೂ ಅದೇ ಧಾತುವಿನದು. ಆದಕಾರಣ ಭಟನೆಂದರೆ ಮೊದಲು ಹೊಡೆಯುವವನಲ್ಲ, ಒಬ್ಬ ಒಡೆಯನ ಅನ್ನವನ್ನು ಉಂಡವನು. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಒಡೆಯನು ಕೊಟ್ಟ ಜೋಳವನ್ನು ಉಂಡವನು ಅವನಿಗೋಸ್ಕರ ಪ್ರಾಣವನ್ನಾದರೂ ಕೊಡತಕ್ಕದ್ದೆಂಬ ಧರ್ಮಕ್ಕೆ ಹಳಗನ್ನಡದಲ್ಲಿ ಜೋಳವಾಳಿಯೆಂದು ಹೆಸರು.

ಇದರಿಂದ ಎರಡು ಮಾತುಗಳು ಹೊರಡುತ್ತವೆ. ಮೊದಲನೆಯದು, ಭಟನ ಬೆಲೆಯು ಅವನ ಒಡೆಯನಿಂದ ತಿಳಿಯುವದು. ಬಯಲಾಟದಲ್ಲಿ ಕರ್ಣನ ಕಥೆಯನ್ನು ನೋಡದವರು ಯಾರು? ಅವನ ಶೌರ್ಯವೂ ದಾನಗುಣವೂ ದೊಡ್ಡವೇ. ಆದರೂ ಕೌರವನ ಅನ್ನದ ಋಣಕ್ಕಾಗಿ ಅನ್ಯಾಯದ ಪಕ್ಷದಲ್ಲಿ ನಿಂತು ಮಡಿದನು. ನಿಷ್ಠೆಯೊಂದೇ ಸಾಲದು, ನಾವು ಯಾರ ಜೋಳವನ್ನು ಉಣ್ಣುತ್ತೇವೆಂಬದನ್ನು ಮೊದಲು ವಿಚಾರಿಸಬೇಕು.

ಎರಡನೆಯದು, ಭಟನಿಗೆ ಸ್ವಂತ ಜಗಳವಿಲ್ಲ. ಒಡೆಯನು ಕಳುಹಿಸಿದ ಕಡೆಗೆ ಹೋಗುವನು, ನಿಲ್ಲಿಸಿದ ಕಡೆಯಲ್ಲಿ ನಿಲ್ಲುವನು. ಪಾಳೆಯದಲ್ಲಿ ತನ್ನ ಹಗೆಯನ್ನು ತೀರಿಸಿಕೊಳ್ಳಲು ಕತ್ತಿ ಹಿರಿದವನು ಭಟನಲ್ಲ, ದಂಡನೆಗೆ ಯೋಗ್ಯನು. ಹೀಗಿರಲಾಗಿ, ಬದುವಿನ ಒಂದು ಗೇಣು ಮಣ್ಣಿಗಾಗಿಯೂ ಮದುವೆಯ ಪಂಕ್ತಿಯಲ್ಲಿ ಸಿಕ್ಕದ ಮರ್ಯಾದೆಗಾಗಿಯೂ ವರುಷಗಟ್ಟಲೆ ಹಗೆಯನ್ನು ಸಾಕಿ, ಎತ್ತುಗಳನ್ನು ಮಾರಿ ಕೋರ್ಟಿಗೆ ಅಲೆಯುವವನು ತನ್ನನ್ನು ಯಾರ ಭಟನೆಂದು ಹೇಳಿಕೊಳ್ಳುವನು?

ಹಾಗಾದರೆ ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವದೇ ಕ್ರೈಸ್ತರ ಧರ್ಮವೋ ಎಂದು ಕೇಳುವಿರಿ. ಹಾಗಲ್ಲ. ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ವೀರಗಲ್ಲುಗಳು ನಿಂತಿವೆ. ಕಳ್ಳರು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಬಿದ್ದವರ ನೆನಪಿಗಾಗಿ ಅವುಗಳಲ್ಲಿ ಎಷ್ಟೋ ಕಲ್ಲುಗಳನ್ನು ನೆಟ್ಟರು. ಆ ಕಲ್ಲುಗಳ ಮೇಲಣ ಸ್ವರ್ಗದ ಚಿತ್ರವು ನಮ್ಮ ನಂಬಿಕೆಯದಲ್ಲ. ಆದರೂ ಸುವಾರ್ತೆಯನ್ನು ಕೇಳದ ಆ ಮನುಷ್ಯನು ನೆರೆಯವನ ಹಸುವಿಗಾಗಿ ಪ್ರಾಣ ಕೊಟ್ಟಿರಲು, ಸುವಾರ್ತೆಯನ್ನು ಕೇಳಿದ ನಾವು ವಿಧವೆಯ ಹೊಲವನ್ನು ಬಲವಂತನು ಒತ್ತುವಾಗ ಸುಮ್ಮನಿದ್ದು ಅದಕ್ಕೆ ತಾಳ್ಮೆಯೆಂದು ಹೆಸರಿಟ್ಟರೆ ಆ ಕಲ್ಲು ನಮ್ಮನ್ನು ನಾಚಿಸದೋ? ನಮ್ಮ ಸ್ವಂತ ಮಾನಕ್ಕೆ ತಟ್ಟಿದಾಗ ಸಿಂಹಗಳಾಗಿಯೂ ಬಡವನಿಗೆ ತಟ್ಟಿದಾಗ ಕುರಿಗಳಾಗಿಯೂ ಇರುವದು ನಮ್ಮ ರೋಗ. ಭಟನ ನಡತೆಯು ಇದಕ್ಕೆ ತೀರ ವಿರುದ್ಧವಾದದ್ದು.

ಆದರೆ ಅವನು ಕಾದುವದು ಹೇಗೆ? ಗೆತ್ಸೇಮನೆಯಲ್ಲಿ ಕತ್ತಿ ಬೀಸಿದ ಪೇತ್ರನನ್ನು ಕರ್ತನು ಗದರಿಸಿದನು. ಅಪೊಸ್ತಲನಾದ ಪೌಲನು ಸಹಭಟನೆಂದು ಕರೆದದ್ದು ಎಂಥವನನ್ನೆಂದು ನೋಡಿರಿ. ಫಿಲಿಪ್ಪಿಯು ಕ್ರಿ. ಪೂ. 42ರ ಯುದ್ಧದ ತರುವಾಯ ರೋಮಿನ ಹಳೇ ಸಿಪಾಯಿಗಳನ್ನು ನೆಲೆಗೊಳಿಸಿದ ಪಟ್ಟಣ. ಅಲ್ಲಿನವರಿಗೆ ಸಿಪಾಯಿಯೆಂದರೆ ಏನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಆ ಸಭೆಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಪೌಲನು ಈ ಹೆಸರನ್ನು ಎಪಫ್ರೊದೀತನಿಗೆ ಕೊಡುತ್ತಾನೆ. ಅವನು ಗೆದ್ದ ಕೋಟೆ ಯಾವದು? ಒಂದೂ ಇಲ್ಲ. ಸೆರೆಯಲ್ಲಿದ್ದ ಒಬ್ಬನಿಗೆ ಸಭೆಯವರ ಸಹಾಯವನ್ನು ಹೊತ್ತುಕೊಂಡು ಹೋದನು. ಆ ಸೇವೆಯಲ್ಲಿ ರೋಗಬಿದ್ದು ಸಾಯುವಂತಾದನು. ಕೊಟ್ಟ ಕೆಲಸವನ್ನು ಬಿಟ್ಟು ಓಡದೆ ಇನ್ನೊಬ್ಬನಿಗಾಗಿ ತನ್ನ ಪ್ರಾಣವನ್ನು ಅಪಾಯಕ್ಕೆ ಒಡ್ಡಿದ್ದೇ ಅವನ ಯುದ್ಧವು.

ಇಂಥ ಭಟರು ನಮ್ಮ ಹಳ್ಳಿಗಳಲ್ಲಿಯೂ ಬೇಕಾಗಿದ್ದಾರೆ. ಅಂಟುರೋಗದವನಿಗೆ ಗಂಜಿ ಒಯ್ಯುವವಳೂ, ಪಂಚಾಯಿತಿಯಲ್ಲಿ ಒಬ್ಬಂಟಿಗನಾಗಿ ನಿಜವಾದ ಸಾಕ್ಷಿ ನುಡಿಯುವವನೂ, ತನಗಾದ ಬೈಗಳನ್ನು ನುಂಗಿ ಬಡವನ ಪಕ್ಷ ಹಿಡಿಯುವವನೂ ಕತ್ತಿಯಿಲ್ಲದೆ ಕಾದುವವರಾಗಿದ್ದಾರೆ.

ಪ್ರಿಯರೇ, ಕರ್ತನ ಮೇಜಿನ ಬಳಿಯಲ್ಲಿ ನಾವು ರೊಟ್ಟಿಯನ್ನು ತೆಗೆದುಕೊಳ್ಳುತ್ತೇವಷ್ಟೆ. ಅದು ನಮ್ಮ ಒಡೆಯನ ಜೋಳ. ಇತರ ಒಡೆಯರು ತಮಗೋಸ್ಕರ ಭಟರನ್ನು ಸಾಯಕಳುಹಿಸಿದರು. ಈತನಾದರೋ ತನ್ನ ಭಟರಿಗೋಸ್ಕರ ತಾನೇ ಸತ್ತನು. ಇಂಥವನ ಅನ್ನವನ್ನು ಉಂಡು ಎದ್ದು ಹೋಗುವಾಗ, ಈ ವಾರದಲ್ಲಿ ನನ್ನ ಜಗಳ ಯಾವದು, ಆತನ ಕೆಲಸ ಯಾವದು ಎಂದು ಒಬ್ಬೊಬ್ಬನು ತನ್ನನ್ನೇ ಕೇಳಿಕೊಳ್ಳಲಿ. ಮೊದಲನೆಯದನ್ನು ಬಿಟ್ಟು ಎರಡನೆಯದರಲ್ಲಿ ನಿಲ್ಲುವಂತೆ ದೇವರು ನಮ್ಮೆಲ್ಲರಿಗೂ ಕೃಪೆಯನ್ನು ಅನುಗ್ರಹಿಸಲಿ.