ಇಂದಿನ ಧಮ್ಮ ಚಿಂತನೆ: ಇನ್ನೊಬ್ಬರ ನಿದ್ದೆ ಯಾರ ಸ್ವತ್ತು?



ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟ್ ಕಡೆ ರಾತ್ರಿ ಹೊತ್ತು ಪಬ್ಬುಗಳಲ್ಲಿ ಹಾಡು, ಬ್ಯಾಂಡು ಇರಬೇಕೋ ಬೇಡವೋ ಎಂಬ ಜಗಳ ವರ್ಷಗಳಿಂದ ನಡೆದಿದೆ. ಬೌದ್ಧರಾದ ನಾವು ಯಾರ ಪಕ್ಷ ಎಂದು ಬಳಗದ ಯುವ ಉಪಾಸಕರೊಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಇವತ್ತು ಅದನ್ನೇ ಯೋಚಿಸೋಣ.

ಎರಡೂ ಕಡೆ ನಿಜವಾದ ನೋವಿದೆ. ಮನೆಗಳಿದ್ದ ಬೀದಿಗೆ ಪಬ್ಬು ಬಂತು, ಮಧ್ಯರಾತ್ರಿವರೆಗೆ ಕಿಟಕಿ ಗಾಜು ಅದುರುತ್ತದೆ, ವಯಸ್ಸಾದವರು ಮಲಗುವುದು ಹೇಗೆ ಎಂದು ನಿವಾಸಿಗಳು ಕೇಳುತ್ತಾರೆ. ಹಾಡಿ ಹೊಟ್ಟೆ ಹೊರೆಯುವ ನಾವು ಎಲ್ಲಿಗೆ ಹೋಗೋಣ ಎಂದು ಕಲಾವಿದರು ಕೇಳುತ್ತಾರೆ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಪರವಾನಗಿ ಇಲ್ಲದ ಎಷ್ಟೋ ಕಡೆ ಗಿಟಾರ್ ಹಿಡಿದು ಹಾಡುವವರ ಹಾಡೂ ನಿಂತಿತು.

ನಮ್ಮಲ್ಲಿ ಕೆಲವರು ತಕ್ಷಣ ಸಿಗಾಲೋವಾದ ಸುತ್ತವನ್ನು ನೆನಪಿಸುತ್ತಾರೆ. ಸಂಪತ್ತು ಹಾಳಾಗುವ ಆರು ದಾರಿಗಳಲ್ಲಿ ಕುಡಿತ, ಹೊತ್ತಲ್ಲದ ಹೊತ್ತಿನಲ್ಲಿ ಬೀದಿ ಸುತ್ತುವುದು, ಕುಣಿತ ಹಾಡಿನ ಜಾತ್ರೆಗಳ ಹಿಂದೆ ಅಲೆಯುವುದು, ಇವನ್ನು ಭಗವಾನರು ಸೇರಿಸಿದ್ದಾರೆ, ಅಲ್ಲಿಗೆ ಮುಗಿಯಿತು ಎನ್ನುತ್ತಾರೆ. ಮುಗಿಯುವುದಿಲ್ಲ. ಸಿಗಾಲ ಎಂಬ ಗೃಹಸ್ಥನ ಮನೆ ಉಳಿಯಲಿ ಎಂದು ಹೇಳಿದ ಬುದ್ಧಿಮಾತು ಅದು. ಹಾಡು ಕುಣಿತ ಬಿಡುವುದು ಉಪೋಸಥದ ಅಷ್ಟಶೀಲದಲ್ಲಿದೆ, ನಾವು ದಿನವೂ ಸ್ವೀಕರಿಸುವ ಪಂಚಶೀಲದಲ್ಲಿಲ್ಲ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಮಾದಕ ವಸ್ತು ಇದೆ, ಸಂಗೀತ ಇಲ್ಲ. ಪಂಚಶಿಖನ ವೀಣೆ ಮತ್ತು ಹಾಡು ಒಂದಕ್ಕೊಂದು ಹೊಂದಿಕೊಂಡಿವೆ ಎಂದು ಭಗವಾನರೇ ಮೆಚ್ಚಿದರು. ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿತರು. ಅಶೋಕ ಚಕ್ರವರ್ತಿ ಗಿರ್ನಾರ್ ಬಂಡೆಯ ಮೊದಲ ಶಾಸನದಲ್ಲಿ 'ಸಮಾಜ' ಎಂಬ ಉತ್ಸವ ಕೂಟಗಳನ್ನು ತಡೆದರೂ, ಅವುಗಳಲ್ಲಿ ಕೆಲವು ಒಳ್ಳೆಯವೂ ಇವೆ ಎಂದು ಸೇರಿಸಿದ. ಎಲ್ಲವನ್ನೂ ಒಂದೇ ಕೋಲಿನಿಂದ ಹೊಡೆಯಲಿಲ್ಲ.

ಹಾಗಾದರೆ ಅಳೆಯುವುದು ಯಾವುದರಿಂದ? ನನಗೆ ಎರಡನೆಯ ಶೀಲ ದಾರಿ ತೋರಿಸುತ್ತದೆ. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು. ಇದನ್ನು ನಾವು ಹಣ, ಒಡವೆ, ಜಮೀನಿಗೆ ಮಾತ್ರ ಅನ್ವಯಿಸುತ್ತೇವೆ. ಒಬ್ಬ ಮನುಷ್ಯನ ನಿದ್ದೆಯೂ ಅವನದೇ. ಅವನು ಕೊಡದೆ ನಾನು ಅದನ್ನು ತೆಗೆದುಕೊಂಡರೆ ಅದು ಅದಿನ್ನಾದಾನ. ಪೂಜೆಗೆ ತೆಗೆದುಕೊಂಡರೂ ಅಷ್ಟೆ, ಪಾರ್ಟಿಗೆ ತೆಗೆದುಕೊಂಡರೂ ಅಷ್ಟೆ. 2000ದ ಶಬ್ದಮಾಲಿನ್ಯ ನಿಯಮಗಳೂ ಇದನ್ನೇ ತಮ್ಮ ಭಾಷೆಯಲ್ಲಿ ಹೇಳುತ್ತವೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55. ಯಾವ ಹಾಡು, ಯಾವ ದೇವರು, ಯಾವ ನಾಯಕ ಎಂದು ಆ ಮಿತಿ ಕೇಳುವುದಿಲ್ಲ.

ಇದೇ ಶೀಲ ಇನ್ನೊಂದು ಕಡೆಗೂ ಹರಿಯುತ್ತದೆ. ದುಡಿದು ತಿನ್ನುವವರ ಕೆಲಸವನ್ನು ನೀತಿಯ ಹೆಸರಲ್ಲಿ ಕಿತ್ತುಕೊಳ್ಳುವುದೂ ಕೊಡದ್ದನ್ನು ತೆಗೆದುಕೊಂಡಂತೆಯೇ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರುಗಳಲ್ಲಿ ಕುಣಿತ ನಿಷೇಧಿಸಿತು, ಮೂರು ತಾರೆ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಬಡವರ ಬಾರಿನಲ್ಲಿ ಅನೀತಿ, ಶ್ರೀಮಂತರ ಹೋಟೆಲಿನಲ್ಲಿ ಕಲೆ! 2013ರಲ್ಲಿ ಸುಪ್ರೀಂ ಕೋರ್ಟು ಇದು ಸಮಾನತೆಗೂ ಉದ್ಯೋಗದ ಹಕ್ಕಿಗೂ ವಿರುದ್ಧ ಎಂದಿತು. ಆದ್ದರಿಂದ ಸದ್ದಿಗೆ ಮಿತಿ ಕೇಳೋಣ. ಗೋಡೆಗೆ ಸದ್ದು ತಡೆಯುವ ಹೊದಿಕೆ ಹಾಕಿಸಿ, ಹೊತ್ತಿಗೆ ಸರಿಯಾಗಿ ನಿಲ್ಲಿಸಿ ಎನ್ನೋಣ. ಹಾಡುವವರ ಬಾಯಿ ಮುಚ್ಚಿಸಿ ಎನ್ನುವುದು ಬೇಡ. ಆ ಬೀದಿಗಳ ಬಾಟಲಿ ಚೂರುಗಳನ್ನು ಬೆಳಗಿನ ಜಾವ ಗುಡಿಸುವ ಪೌರಕಾರ್ಮಿಕರು ಹೆಚ್ಚಾಗಿ ನಮ್ಮವರೇ. ಈ ಜಗಳದಲ್ಲಿ ಅವರ ಮಾತು ಕೇಳುವವರು ಅಪರೂಪ. ಆ ಮಾತನ್ನು ನಾವಾದರೂ ಎತ್ತಬೇಕು.

ಈಗ ಕಷ್ಟದ ಮಾತು. ಇದೇ ಅಳತೆಯನ್ನು ಏಪ್ರಿಲ್ 14ರ ನಮ್ಮ ಡಿಜೆಗೂ ಹಿಡಿಯಬೇಕು.

ಈ ಮಾತು ಹೇಳಿದಾಗಲೆಲ್ಲ ಒಂದು ಉತ್ತರ ಬರುತ್ತದೆ: "ವರ್ಷವೆಲ್ಲ ಅವರ ಮೈಕು ಕೇಳಿಲ್ಲವೇ? ನಮ್ಮ ಒಂದು ದಿನ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ." ಈ ಸಿಟ್ಟಿನಲ್ಲಿ ಸತ್ಯವಿದೆ. ನಮ್ಮ ಹಿರಿಯರು ತಮಟೆ ಬಡಿದದ್ದು ಬಹುಪಾಲು ಊರಿನ ಚಾಕರಿಗೆ, ಸಾವಿಗೆ, ಅವರ ಹಬ್ಬಕ್ಕೆ. ಅದೇ ತಮಟೆಯನ್ನು ದಲಿತ ಚಳವಳಿ ನಮ್ಮ ಸ್ವಾಭಿಮಾನದ ಸದ್ದು ಮಾಡಿತು. ಆ ಸದ್ದು ಅಡಗಬಾರದು. ಪೊಲೀಸರು ನಮ್ಮ ಮೆರವಣಿಗೆಗೊಂದು, ಬೇರೆಯವರದಕ್ಕೊಂದು ಕಾನೂನು ಮಾಡಿದರೆ ಪ್ರಶ್ನಿಸಲೇಬೇಕು.

ಆದರೆ ನಡುರಾತ್ರಿಯ ಡಿಜೆ ಯಾರ ಕಿವಿಗೆ ಬೀಳುತ್ತದೆ ನೋಡಿ. ಲೇಔಟಿನವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ದೂರು ಕೊಡುತ್ತಾರೆ. ಕೇರಿಯ ಶೀಟಿನ ಮನೆಗೆ ಮುಚ್ಚುವ ಕಿಟಕಿ ಎಲ್ಲಿದೆ? ಅಲ್ಲಿ ಬಾಣಂತಿ ಇದ್ದಾಳೆ, ಐದಕ್ಕೆ ಎದ್ದು ಕೆಲಸಕ್ಕೆ ಹೋಗುವ ತಾಯಿ ಇದ್ದಾಳೆ. ಏಪ್ರಿಲ್ ಎಂದರೆ ಪರೀಕ್ಷೆಗಳ ಕಾಲ. ರಾತ್ರಿ ನಿದ್ದೆಗೆಟ್ಟ ಮಗುವಿಗೆ ಬೆಳಿಗ್ಗೆ ಏನೂ ತಲೆಗೆ ಹೋಗದು ಎಂಬುದನ್ನು ಶಿಕ್ಷಕ ವೃತ್ತಿಯಲ್ಲಿರುವ ನಾನು ತರಗತಿಯಲ್ಲಿ ಕಂಡಿದ್ದೇನೆ. ಓದಿ ಎಂದು ಹೇಳಿದವರ ಹೆಸರಿನಲ್ಲೇ ಓದುವ ಮಗುವಿನ ನಿದ್ದೆ ಕದಿಯುವುದು ಯಾವ ಗೌರವ? ಸಮಾನತೆ ಎಂದರೆ ಅವರಷ್ಟೇ ತೊಂದರೆ ಕೊಡುವ ಹಕ್ಕಲ್ಲ.

ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಎಂಬ ಮೂರನ್ನೂ ಬುದ್ಧನಿಂದ ಪಡೆದೆ ಎಂದು ಬಾಬಾಸಾಹೇಬರು 1954ರ ಆಕಾಶವಾಣಿ ಭಾಷಣದಲ್ಲಿ ಹೇಳಿದರು. ಕಾನೂನನ್ನು ಯಾರು ಬೇಕಾದರೂ ಮುರಿದಾರು, ಮೊದಲೆರಡನ್ನು ನಿಜವಾಗಿ ಕಾಯುವುದು ಬಂಧುತ್ವ ಎಂಬುದು ಅವರ ನಿಲುವು. 45 ಡೆಸಿಬಲ್ ಕಾನೂನು. ಪಕ್ಕದ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ನೆನೆಯುವುದು ಬಂಧುತ್ವ.

ಈ ಸಲದ ಜಯಂತಿಗೆ ಸಮಿತಿ ಕೂಡಿದಾಗ ಒಂದು ಮಾತು ಇಡಿ: ಹಗಲು ತಮಟೆ ಮನಸಾರೆ ಮೊಳಗಲಿ, ರಾತ್ರಿ ಹತ್ತಕ್ಕೆ ಮೈಕು ನಿಲ್ಲಲಿ. ಯಾರೂ ಹೇಳದೆ, ಪೊಲೀಸರು ಬರುವ ಮೊದಲು, ನಾವೇ ನಿಲ್ಲಿಸೋಣ. ಆಮೇಲೆ ಊರಿನ ಯಾವ ಮೈಕಿನ ಮುಂದೆಯೂ ತಲೆಯೆತ್ತಿ ನಿಂತು ಕೇಳಬಹುದು.

ಭವತು ಸಬ್ಬ ಮಂಗಲಂ. ಜೈ ಭೀಮ್.