ಮಿತವ್ಯಯ ಎಲ್ಲಿಯವರೆಗೆ?

ಮಿತವ್ಯಯ ಎಲ್ಲಿ ಮುಗಿದು ಲೋಭ ಎಲ್ಲಿ ಮೊದಲಾಗುತ್ತದೆ? ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಸ್ಪಾರ್ಕ್ ಪ್ಲಗ್ಗಿನಿಂದ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಂತೆ ನನ್ನ ಹಳೆಯ ಮೋಟಾರ್‌ಸೈಕಲ್ಲೂ ಎರಡು ಸ್ಟ್ರೋಕಿನದು. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಪ್ಲಗ್ಗಿಗೆ ಮಸಿ ಹಿಡಿಯುವುದು ಸಹಜ. ಭಾನುವಾರ ಬೆಳಗ್ಗೆ ಅದನ್ನು ಬಿಚ್ಚಿ, ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಒಂದು ಮಿಲಿಮೀಟರಿಗೂ ಕಡಮೆಯಾದ ಕಿಡಿಯ ಸಂದನ್ನು ಅಳತೆಗೆ ತಂದು ಕೂರಿಸಿದರೆ ಒಂದೇ ಒದೆತಕ್ಕೆ ಎಂಜಿನ್ ಹೊರಡುತ್ತಿತ್ತು. ಹೊಸದರ ದುಡ್ಡು ಉಳಿಸಿದೆನೆಂದು ನನಗೆ ಒಳಗೊಳಗೇ ಹಿಗ್ಗು.

ಆದರೆ ಉಜ್ಜಿದರೆ ಹೋಗುವುದು ಮಸಿ ಮಾತ್ರ. ಪ್ಲಗ್ಗಿನ ಹೊರಮೈಯ ಪಿಂಗಾಣಿಯಲ್ಲಿ ಒಮ್ಮೆ ಕೂದಲೆಳೆಯಂಥ ಬಿರುಕು ಕಂಡಿತು. ಅಲ್ಲಿ ತೇವ ಸೇರಿದರೆ ವಿದ್ಯುತ್ತು ಒಳಗೆ ಕಿಡಿಯಾಗದೆ ಹೊರಗೇ ಸೋರಿಹೋಗುತ್ತದೆಂದು ನನಗೆ ತಿಳಿದಿತ್ತು. ಆದರೂ ಇನ್ನೊಂದು ತಿಂಗಳು ನಡೆಯಲಿ ಎಂದುಕೊಂಡೆ.

ಒಂದು ಮಳೆಯ ರಾತ್ರಿ, ಊರಿನಿಂದ ಬಂದ ತಂದೆಯವರನ್ನು ರೈಲು ನಿಲ್ದಾಣದಿಂದ ಕರೆತರುತ್ತಿದ್ದಾಗ ಗಾಡಿ ನಿಂತುಬಿಟ್ಟಿತು. ನಾನು ತಳ್ಳಿದೆ. ಎಪ್ಪತ್ತು ದಾಟಿದ ಅವರು ಕೈಚೀಲ ಹಿಡಿದು, ನೆನೆಯುತ್ತ, ಮಾತಿಲ್ಲದೆ ಹಿಂದೆ ನಡೆದುಬಂದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಉಳಿತಾಯ ನನ್ನದು, ನಡಿಗೆ ಅವರದು. ನಮ್ಮ ಶ್ರಮದಿಂದ ಉಳಿಸಿದ್ದು ಮಿತವ್ಯಯ. ಅರಿಯದ ಇನ್ನೊಬ್ಬರ ತಲೆಗೆ ಅಪಾಯ ಹೊರಿಸಿ ಉಳಿಸಿದ್ದಕ್ಕೆ ಆ ಗೌರವದ ಹೆಸರು ಸಲ್ಲದು. ಮರುದಿನವೇ ಹೊಸ ಪ್ಲಗ್ಗು ತಂದೆ. ಭಾನುವಾರದ ಉಜ್ಜುವಿಕೆಯನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಬ್ರಷ್ಷು ಹಿಡಿಯುವ ಮೊದಲು ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.